ಡಬ್ಬಿಗೆ ಬಿದ್ದ ಗುರ್ಜಿ ನೀರು

ನನ್ನನ್ನು ಗೂಟಕ್ಕೆ ಕಟ್ಟಿದವಳು ನನ್ನ ಮೊಮ್ಮಗಳು. ಗೂಟ ಎಂದರೆ ನಮ್ಮ ಅಂಗಳದ ನಡುವೆ ಎಬ್ಬಿಸಿದ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಒಂದು ಡಬ್ಬಿ, ಡಬ್ಬಿಯ ಬಾಯಿಗೆ ಒಂದು ಲಾಳಿಕೆ. ಮಳೆ ಬಿದ್ದರೆ ನೀರು ಲಾಳಿಕೆಯಿಂದ ಒಳಗಿನ ಬಾಟಲಿಗೆ ಇಳಿಯುತ್ತದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಬೀಗ ತೆಗೆದು, ಆ ನೀರನ್ನು ಗೀಟು ಹಾಕಿದ ಗಾಜಿನ ಗ್ಲಾಸಿಗೆ ಸುರಿದು, ಎಷ್ಟನೆಯ ಗೀಟಿಗೆ ಬಂತು ಎಂದು ಅವಳಿಗೆ ಫೋನಿನಲ್ಲಿ ಹೇಳಬೇಕು. ಇಷ್ಟೇ ಕೆಲಸ. ಇಷ್ಟೇ ಕೆಲಸ ಎಂದು ಹೇಳಿಯೇ ಅವಳು ನನ್ನನ್ನು ಹಿಡಿದದ್ದು.

ನಾನು ಕಲಿತದ್ದು ಮೂರನೇ ಇಯತ್ತೆ. ಅಂಕಿ ಓದಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಇದನ್ನು ಬರೆಯುವಷ್ಟು ಅಕ್ಷರವೂ ಬರುತ್ತದೆ. ಗ್ಲಾಸಿನ ಗೀಟು ಓದುವುದಕ್ಕೆ ಅದು ಸಾಕು ಎಂದು ಮೊಮ್ಮಗಳು ಲೆಕ್ಕ ಹಾಕಿದಳು. ಅವಳು ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಆಕಾಶದಲ್ಲಿ ತಿರುಗುವ ಉಪಗ್ರಹಗಳು ಕೆಳಗಿನ ಮಳೆಯನ್ನು ಎಷ್ಟು ಸರಿಯಾಗಿ ಅಳೆಯುತ್ತವೆ ಎಂದು ನೋಡುವುದು ಅವಳ ಓದು. ಅದಕ್ಕೆ ಮೂರು ಡಬ್ಬಿ ಇಡಿಸಿದಳು. ಒಂದು ಲಿಂಗಸುಗೂರಿನಲ್ಲಿ ಯಾರದೋ ಮನೆಯ ಹಿತ್ತಲಲ್ಲಿ, ಒಂದು ಮಸ್ಕಿಯಲ್ಲಿ ಶಾಲೆಯ ಬಯಲಿನಲ್ಲಿ. ಮೂರನೆಯದು ನನ್ನ ಎದೆಯ ಮೇಲೆ.

ನಮ್ಮ ಊರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿದೆ. ಕಾಲುವೆ ಊರ ಮಗ್ಗುಲಿಗೇ ಹರಿಯುತ್ತದೆ. ಕಾಲುವೆಯ ಕೆಳಗಿನವರದು ಭತ್ತದ ಗದ್ದೆ, ಮೇಲಿನವರದು ಸಜ್ಜೆ ತೊಗರಿಯ ಹೊಲ. ಕೆಳಗಿನವರು ಡ್ಯಾಮಿನ ಸುದ್ದಿ ಕೇಳುತ್ತಾರೆ, ಮೇಲಿನವರು ಮೋಡ ನೋಡುತ್ತಾರೆ. ನಮ್ಮ ಹೊಲ ಮೇಲಿನದು. ಅರ್ಧ ನೀರು, ಅರ್ಧ ಒಣ, ಇಂಥ ಊರೇ ತನಗೆ ಬೇಕಿತ್ತು ಎಂದು ಅವಳು ಕುಣಿದಳು. ಅದು ತನ್ನ ಸ್ವಂತ ಊರೇ ಆದದ್ದು ಅವಳ ಅದೃಷ್ಟ, ನನ್ನ ಗ್ರಹಚಾರ.

ಡಬ್ಬಿಯ ಮೇಲೆ ಮರದ ನೆರಳು ಬೀಳಬಾರದು, ಎಲೆಯ ನೀರು ತೊಟ್ಟಿಕ್ಕಬಾರದು ಎಂದಳು. ನನ್ನ ಮಗ, ಅವಳ ಅಪ್ಪ, ಕೊಡಲಿ ತಂದು ಬೇವಿನ ಮರದ ಅಂಗಳದ ಕಡೆಯ ಟೊಂಗೆಗಳನ್ನೆಲ್ಲ ಇಳಿಸಿದ. ಆ ಟೊಂಗೆಗಳ ಕೆಳಗೆ ನನ್ನ ಹೊರಸು ಇರುತ್ತಿತ್ತು. ಮಧ್ಯಾಹ್ನ ಅಲ್ಲೇ ಬೀಳುತ್ತಿದ್ದೆ, ಓಣಿಯಲ್ಲಿ ಯಾರು ಹೋದರು ಯಾರು ಬಂದರು ನೋಡುತ್ತಿದ್ದೆ. ನೆರಳು ಹೋದ ಮೇಲೆ ಹೊರಸು ಒಳಗೆ ಹೋಯಿತು, ನಾನೂ ಒಳಗೆ ಹೋದೆ. ಹಂಚಿನ ಮನೆ, ಮಧ್ಯಾಹ್ನದ ಹೊತ್ತಿಗೆ ಭಟ್ಟಿಯಂತೆ ಕಾಯುತ್ತದೆ. ಬಾಗಿಲಿನಿಂದ ನೋಡಿದರೆ ಬಿಸಿಲಿನಲ್ಲಿ ಡಬ್ಬಿ ಒಂದೇ ನಿಂತಿರುತ್ತಿತ್ತು. ಅದು ನನ್ನನ್ನು, ನಾನು ಅದನ್ನು ನೋಡುತ್ತಾ ಹೊತ್ತು ಕಳೆಯಬೇಕು.

ಡಬ್ಬಿ ಇಡಿಸಿದ ದಿನ ನಾನು ಕೇಳಿಯೇ ಕೇಳಿದೆ.

“ಮ್ಯಾಲಿಂದ ಮಳಿ ಹೆಂಗ ಅಳೀತಾರ? ಅಲ್ಲೇನು ಕೊಡಾ ಹಿಡಕೊಂಡು ಕುಂತಿರ್ತಾರೇನು?”

“ಎರಡು ನಮೂನಿ ಅದಾವು ಅಜ್ಜಿ. ಒಂದು ಕೂಗು ಹಾಕತೈತಿ. ಬಾವ್ಯಾಗ ಬಗ್ಗಿ ಕೂಗಿದ್ರ ತಿರುಗಿ ಬರತೈತಲ್ಲ, ಹಂಗ. ಮಳಿ ಹನಿಗೆ ಬಡದು ಕೂಗು ವಾಪಸ್ ಬರತೈತಿ. ಎಷ್ಟೊತ್ತಿಗೆ ಬಂತು, ಎಷ್ಟು ಜೋರು ಬಂತು ಅನ್ನೋದರ ಮ್ಯಾಲೆ ಎಷ್ಟು ಎತ್ತರದಾಗ ಎಷ್ಟು ಮಳಿ ಐತಿ ಅಂತ ಹೇಳ್ತಾರ. ಅದಕ್ಕ ರೇಡಾರ್ ಅಂತಾರ.”

“ಇನ್ನೊಂದು?”

“ಇನ್ನೊಂದು ಕೂಗಂಗಿಲ್ಲ, ಸುಮ್ಮನ ನೋಡತೈತಿ. ನೀ ರೊಟ್ಟಿ ಹಾಕೋಕಿಂತ ಮೊದಲು ಹಂಚಿನ ಮ್ಯಾಲೆ ಅಂಗೈ ಹಿಡೀತಿ ನೋಡು. ಮುಟ್ಟಂಗಿಲ್ಲ, ಆದ್ರ ಕಾದೈತೋ ಇಲ್ಲೋ ಗೊತ್ತಾಗತೈತಿ. ನೆಲದಿಂದ ಹಂಗ ಶಾಖ ಮ್ಯಾಲೆ ಹೋಗತಿರತೈತಿ. ನಡುವ ಮೋಡದಾಗ ಮಳಿ, ಬರ್ಫು ಇದ್ರ ಅದು ಕಮ್ಮಿ ಆಗತೈತಿ. ಕಮ್ಮಿ ಆದದ್ದು ನೋಡಿ ಇಲ್ಲಿ ಮಳಿ ಐತಿ ಅಂತಾರ. ಅದು ಮೈಕ್ರೋವೇವ್.”

“ಸಿಂಧನೂರು ಬೇಕರಿಯೊಳಗ ಪಪ್ಸ್ ಕಾಸೋ ಪೆಟಗಿ?”

“ಅದರ ಜಾತೀನ. ಆದ್ರ ಇದು ಕಾಸಂಗಿಲ್ಲ, ಕಾದದ್ದು ನೋಡತೈತಿ.”

“ಮ್ಯಾಲೆ ಕೂಗೋದು ಒಂದು, ಅಂಗೈ ಹಿಡಿಯೋದು ಒಂದು. ಅಷ್ಟೆಲ್ಲ ಇದ್ದ ಮ್ಯಾಲೆ ಕೆಳಗ ಈ ಮುದುಕಿ ಯಾಕ?”

“ಕೂಗೋದು ಸಣ್ಣ ಪಟ್ಟಿ ಅಷ್ಟ ನೋಡತೈತಿ ಅಜ್ಜಿ, ದಿನಾ ನಮ್ಮೂರ ಮ್ಯಾಲೆ ಹಾಯಂಗಿಲ್ಲ. ಅಂಗೈ ಹಿಡಿಯೋವು ಭಾಳ ಅದಾವು, ಅವು ಒಮ್ಮೊಮ್ಮೆ ತಪ್ಪು ಹೇಳ್ತಾವು. ಖರೇ ಹೇಳ್ತಾವೋ ಸುಳ್ಳು ಹೇಳ್ತಾವೋ ಅಂತ ನೋಡಾಕ ಕೆಳಗ ಒಬ್ಬಾಕಿ ಬೇಕಲ್ಲ.”

“ಮಳಿ ಬರದಿದ್ದ ದಿನ ರಜಾ ಏನು?”

“ಇಲ್ಲ. ಸೊನ್ನೀನೂ ಹೇಳಬೇಕು. ಸೊನ್ನಿ ಇಲ್ಲಂದ್ರ ಮ್ಯಾಲಿನವರ ಸುಳ್ಳು ಹೆಂಗ ಹಿಡೀಲಿ?”

ತನ್ನ ತಲೆಯ ಮೇಲೆ ನನ್ನ ಕೈ ಇರಿಸಿ ಆಣೆ ಮಾಡಿಸಿಕೊಂಡಳು. ಒಂದು ದಿನವೂ ತಪ್ಪಬಾರದು, ಅಳೆಯದೆ ಡಬ್ಬಿಯ ನೀರು ಚೆಲ್ಲಬಾರದು, ಬೇರೆ ಯಾರ ಕೈಗೂ ಬೀಗದ ಕೈ ಕೊಡಬಾರದು. ತನ್ನ ಹಳೆಯ ಫೋನನ್ನೂ ಕೊಟ್ಟುಹೋದಳು, ಗಾಜು ಒಡೆದದ್ದು.

ಆ ವರ್ಷ ಮಳೆ ಬರಲಿಲ್ಲ. ಹಾಗೆಂದರೆ ಬರಗಾಲ ಬಿತ್ತು ಎಂದಲ್ಲ, ತಡವಾಯಿತು. ಮೃಗಶಿರದಲ್ಲಿ ಎರಡು ಸಲ ಬಿದ್ದದ್ದು ಬಿತ್ತು, ಜನ ಬಿತ್ತಿದರು, ಆಮೇಲೆ ಮೋಡ ಬರುವುದು, ತಿರುಗಿ ಹೋಗುವುದು. ನಾನು ಬೆಳಿಗ್ಗೆ ಬೀಗ ತೆಗೆದು, ಒಣ ಬಾಟಲಿಯನ್ನು ಬೋರಲು ಹಾಕಿ, ಫೋನ್ ಮಾಡಿ ಸೊನ್ನೆ ಎನ್ನುತ್ತಿದ್ದೆ. ಮರುದಿನ ಮತ್ತೆ ಸೊನ್ನೆ. ಇರುವ ಸಾಮಾನಿಗೆ ಕಾವಲು ಕಾಯುವುದು ಗೊತ್ತು. ಇಲ್ಲದ ಮಳೆಗೆ ಕಾವಲು ಕಾಯುವುದು ಆಗ ಕಲಿತೆ.

ಎಂಟೂವರೆ ಎಂಬುದು ಕೇಳಲು ಸಣ್ಣದು, ಆದರೆ ಅದು ದಿನದ ಸೊಂಟ ಮುರಿಯುತ್ತದೆ. ಲಿಂಗಸುಗೂರಿನ ಬಸ್ಸು ನಮ್ಮ ಊರಿಗೆ ಬರುವುದು ಅದಕ್ಕಿಂತ ಮೊದಲು. ಅದು ತಪ್ಪಿದರೆ ಮಧ್ಯಾಹ್ನದವರೆಗೆ ಬೇರೆ ಇಲ್ಲ, ಮಧ್ಯಾಹ್ನ ಹೋದವರು ಆ ದಿನ ತಿರುಗಿ ಬರುವುದಿಲ್ಲ. ಲಿಂಗಸುಗೂರಿನಲ್ಲಿ ನಾದಿನಿಯ ಮೊಮ್ಮಗನ ಮದುವೆ ಆಯಿತು, ಹೋಗಲಿಲ್ಲ. ಮೊಣಕಾಲು ತೋರಿಸಲು ಸಿಂಧನೂರಿನ ದವಾಖಾನೆಗೆ ಬೆಳಿಗ್ಗೆಯೇ ಪಾಳಿ ಹಚ್ಚಬೇಕು, ಹೋಗಲಿಲ್ಲ. ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಗದ್ದೆ ಕೆಸರು ಮಾಡುವ ಕಾಲದಲ್ಲಿ ಹೊತ್ತು ಹುಟ್ಟುವ ಮುಂಚೆ ವಳಕಮದಿನ್ನಿಯ ಕಡೆ ಹೋದರೆ ಮನೆಯವರಿಗೆ ಮುಖ ಕಾಣುವುದು ರಾತ್ರಿಗೇ. ಸೊಸೆ ಭತ್ತ ಹಚ್ಚಲು ಹೆಂಗಸರ ಗುಂಪಿನ ಜೊತೆ ಆಟೋ ಹತ್ತಿ ಹೋಗುತ್ತಾಳೆ. ಉಳಿದವಳು ನಾನು.

ಎದುರು ಮನೆಯಾಕೆಗೆ ಇದು ದೊಡ್ಡ ಚೇಷ್ಟೆ. ದಿನಾ ಬೆಳಿಗ್ಗೆ ಅಂಗಳ ಕಸ ಹೊಡೆಯುತ್ತಾ ಕೇಳುವವಳು.

“ಯಮ್ಮಾ, ಇವತ್ತ ಎಷ್ಟು ಬಂತು?”

“ನಿನ್ನ ಗಂಡ ದುಡಿದು ತಂದಷ್ಟು.”

“ಅಂದ್ರ ಏನೂ ಇಲ್ಲನ್ನು!” ಎಂದು ಪೊರಕೆ ಹಿಡಿದುಕೊಂಡೇ ನಗುತ್ತಿದ್ದಳು. “ಸರಕಾರಿ ನೌಕರಿ ಸಿಕ್ಕೈತಿ ನೋಡು ನಿನಗ. ಪಗಾರಿಲ್ಲ, ರಜಾನೂ ಇಲ್ಲ.”

ನಾನು ನಗಲಿಲ್ಲ. ಅವಳು ಹೇಳಿದ್ದು ಖರೆ ಇತ್ತು.

ಪುನರ್ವಸು ಮಳೆಯೂ ಒಣಗಿಯೇ ಹೋದಾಗ ಮುದಗಲ್ಲಿನಿಂದ ಅಕ್ಕನ ಫೋನು ಬಂತು. ನನ್ನ ತವರು ಮುದಗಲ್. ಕೋಟೆಯ ಗೋಡೆಯ ಬುಡಕ್ಕೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ. ಅಪ್ಪ, ಅವ್ವ, ಅಣ್ಣ, ಎಲ್ಲರೂ ಹೋದರು. ಅಕ್ಕ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೂಸನ್ನು ಕಟ್ಟಿಕೊಂಡು ತವರಿಗೆ ತಿರುಗಿ ಬಂದವಳು, ಅದೇ ಮನೆಯಲ್ಲೇ ಮುದುಕಿಯಾದಳು. ಅವಳು ಅಲ್ಲಿ ಇರುವುದರಿಂದ ನನಗೆ ತವರು ಎಂಬುದು ಇತ್ತು. ಮದುವೆಯಾದಂದಿನಿಂದ ನಾಗರ ಪಂಚಮಿಗೆ ನಾನು ಮುದಗಲ್ಲಿಗೆ ಹೋಗದ ವರ್ಷವಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಎಂಬತ್ತರ ಮುದುಕಿಯಾದರೂ ಅಂದು ತವರಿಗೆ ಹೋಗಿ, ಉಂಡಿ ತಿಂದು, ಜೋಕಾಲಿಯ ಹಗ್ಗವನ್ನಾದರೂ ಮುಟ್ಟಿ ಬರಬೇಕು.

“ಅಣ್ಣನ ಮಕ್ಕಳು ಮನಿ ಕೆಡವ್ತಾರ,” ಎಂದಳು ಅಕ್ಕ. “ರಸ್ತೆ ಮುಂದ ಐತಿ, ಅಂಗಡಿ ಕಟ್ಟಿಸ್ತಾರಂತ. ಪಂಚಮಿತನಕ ನಿಲ್ಲಿರಿ ಅಂದೀನಿ. ಹಬ್ಬ ಮುಗಿದ ಮರುದಿನ ತೊಲಿ ಇಳಸ್ತಾರ. ನಾ ಮಗಳ ಕಡಿ ಇಳಕಲ್ಲಿಗೆ ಹೊಕ್ಕೀನಿ.”

ಅಕ್ಕನಿಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ಅದಕ್ಕೆ ಫೋನನ್ನು ದೂರ ಹಿಡಿದು ಮೂಗು ಒರೆಸಿಕೊಂಡೆ.

“ಪಡಸಾಲಿ ತೊಲಿಗೆ ಜೋಕಾಲಿ ಕಟ್ಟಸ್ತೀನಿ. ಇದ ಕಡೀದು. ಬರ್ತೀಯೋ ಇಲ್ಲೋ ಖರೇ ಹೇಳು.”

“ಬರ್ತೀನಿ.”

“ನಿನ್ನ ಡಬ್ಬಿ?”

“ಡಬ್ಬಿ ಹಾಳಾಗಿ ಹೋಗ್ಲಿ.”

ಹಾಗೆ ಹೇಳುವುದು ಸುಲಭ. ಪಂಚಮಿಗೆ ಸೊಸೆಯೂ ಅವಳ ತವರಿಗೆ ಹೋಗುತ್ತಾಳೆ. ಎದುರು ಮನೆಯಾಕೆಯೂ ಹೋಗುತ್ತಾಳೆ. ಓಣಿಯಲ್ಲಿ ಗೀಟು ಓದಬಲ್ಲ ಹೆಂಗಸು ಒಬ್ಬಳೂ ಉಳಿಯುವುದಿಲ್ಲ, ಗಂಡಸರೆಲ್ಲ ಗದ್ದೆಯ ಕೆಸರಿನಲ್ಲಿ. ನನಗೆ ಬೇಕಾದ್ದು ಹಬ್ಬದ ಮೂರು ದಿನ. ಮೊಮ್ಮಗಳಿಗೆ ಫೋನ್ ಮಾಡಿ ನೇರ ಹೇಳಿದೆ: ನಿನ್ನ ಡಬ್ಬಿಯನ್ನು ಕಿತ್ತುಕೊಂಡು ಹೋಗು.

ಅವಳು ಜಗಳ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

“ಕಿತ್ತಾಕ ಬರತೈತಿ ಅಜ್ಜಿ. ಸಾಲಗುಂದದಾಗ ಒಬ್ಬರು ಮಾಸ್ತರು ತಮ್ಮ ಅಂಗಳದಾಗ ಇಟ್ಕೊತೀನಿ ಅಂದಾರ. ಆದ್ರ ಒಂದು ತಕರಾರು ಐತಿ. ಭಾಳ ದಿನದಿಂದ ಉಪಗ್ರಹ ನಮ್ಮೂರಾಗ ಸಣ್ಣ ಸಣ್ಣ ಮಳಿ ಐತಿ ಅಂತೈತಿ, ನೀ ಸೊನ್ನಿ ಅಂತಿ. ಡಬ್ಬಿ ಎಲ್ಲೋ ಸೋರತಿರಬೇಕು ಅಂತ ನಮ್ಮ ಸರ್‌ಗೆ ಅನುಮಾನ. ನಾ ಬಂದು ನೀರು ಹಾಕಿ ನೋಡಬೇಕಂದ್ರ ಪರೀಕ್ಷಾ ಅದಾವು, ಪಂಚಮಿ ಆದ ಮ್ಯಾಲೇನ ಬರೋದು.”

“ಹಂಗಾದ್ರ?”

“ಒಂದ ಒಂದು ಮಳಿ ಎರಡೂ ಕಡೆ ಸಿಕ್ರ ಸಾಕು. ಮ್ಯಾಲಿನವರೂ ಮಳಿ ಅನ್ನಬೇಕು, ನಿನ್ನ ಡಬ್ಬಿಯೊಳಗೂ ನೀರಿರಬೇಕು. ಡಬ್ಬಿ ನೆಟ್ಟಗೈತಿ ಅಂತ ಅವತ್ತ ಮಾಸ್ತರ ಕಡೆ ಕೊಟ್ಟು ಕಳಿಸ್ತೀನಿ. ನೀ ಮುದಗಲ್ಲಿಗೆ ಹೋಗು.”

ಅಂದಿನಿಂದ ನಾನು ಮಳೆಗೆ ಕಾದಂತೆ ಯಾವ ಒಕ್ಕಲಿಗನೂ ಕಾದಿರಲಿಕ್ಕಿಲ್ಲ. ಸಜ್ಜೆ ಬಾಡುತ್ತಿತ್ತು, ಅದರ ಚಿಂತೆ ಮಗನಿಗಿತ್ತು. ನನಗೆ ಬೇಕಾದದ್ದು ಗ್ಲಾಸಿನ ತಳ ಮುಚ್ಚುವಷ್ಟು ನೀರು. ಮೂಡಣದಲ್ಲಿ ಮೋಡ ಕಪ್ಪಾಗುವುದು, ಗಾಳಿ ಬೀಸುವುದು, ನಾನು ಬಾಗಿಲಿಗೆ ಬಂದು ನಿಲ್ಲುವುದು. ಹನಿ ಬೀಳುತ್ತಿರಲಿಲ್ಲ. ಬಿದ್ದರೂ ಧೂಳಿನಲ್ಲಿ ನಾಲ್ಕು ಗುಳಿ ಬಿದ್ದು ಮುಗಿಯುತ್ತಿತ್ತು. ಪಂಚಮಿ ಹತ್ತಿರ ಬಂತು. ಸೊಸೆ ತವರಿಗೆ ಒಯ್ಯಲು ಶೇಂಗಾ ಉಂಡಿ ಕಟ್ಟಿದಳು, ಎಳ್ಳು ಉಂಡಿ ಕಟ್ಟಿದಳು. ನನಗೂ ಒಂದು ಡಬ್ಬಿಯಲ್ಲಿ ತುಂಬಿಟ್ಟಳು.

“ಅತ್ತಿ, ಇದು ನೀವು ಮುದಗಲ್ಲಿಗೆ ಒಯ್ಯಾಕ.”

“ಇಡು ಅಲ್ಲೆ. ಡಬ್ಬಿ ಅಂದ್ರ ಸಾಕಾಗೈತಿ ನನಗ.”

ಓಣಿಯವರು ಗುರ್ಜಿ ಎಬ್ಬಿಸಿದ್ದು ಆ ದಿನಗಳಲ್ಲೇ. ಮಳೆ ತಡೆದರೆ ನಮ್ಮ ಕಡೆ ಗುರ್ಜಿ ಆಡುತ್ತಾರೆ. ರೊಟ್ಟಿ ಸುಡುವ ಹಂಚನ್ನು ಬೋರಲು ಮಾಡಿ, ಅದರ ಮೇಲೆ ಸಗಣಿಯ ಗೊಂಬೆ ಕೂರಿಸಿ, ಗರಿಕೆ ಸಿಕ್ಕಿಸಿ, ಒಬ್ಬರು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯ ಹೆಂಗಸು ಗುರ್ಜಿಯ ತಲೆಯ ಮೇಲೆ ಕೊಡದ ನೀರು ಸುರಿಯಬೇಕು, ಹೊತ್ತವರು ಗರಗರ ತಿರುಗಬೇಕು, ಉಳಿದವರು ಮಳೆಯನ್ನು ಕೂಗಿ ಕರೆಯಬೇಕು. ಆ ವರ್ಷ ಹೊತ್ತವನು ಎದುರು ಮನೆಯಾಕೆಯ ಮೈದುನ. ದೊಡ್ಡ ದೇಹದವನು, ನಿಂತರೆ ಬಾಗಿಲು ಮುಚ್ಚುತ್ತದೆ. ಅವನು ಅಂಗಳಕ್ಕೆ ಬಂದಾಗಲೇ ನಾನು ಕೂಗಿದೆ.

“ಡಬ್ಬಿ ಕಡೆ ಹೋಗಬ್ಯಾಡೋ! ಬಾಗಲಕ ನಿಂದ್ರು!”

ಅವನು ಬಾಗಿಲಿಗೇ ನಿಂತ. ಸೊಸೆ ಕೊಡ ಎತ್ತಿ ಸುರಿದಳು. ಅವನು ತಿರುಗಿದ, ಅಷ್ಟು ದೊಡ್ಡ ಮೈ ತಿರುಗಿದರೆ ನೀರು ಎಲ್ಲಿಯವರೆಗೆ ಹಾರಬೇಕೋ ಅಲ್ಲಿಯವರೆಗೆ ಹಾರಿತು. ನನ್ನ ಮುಖದ ಮೇಲೂ ಬಿತ್ತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಎದುರು ಮನೆಯಾಕೆ ತಂಬಿಗೆ ಹಿಡಿದು ಕಟ್ಟೆಯ ಹತ್ತಿರ ಹೋಗಿದ್ದಳು. ಹಣೆಗೆ ಕೈ ಮುಟ್ಟಿಸಿದಳು, ತಂಬಿಗೆಯಲ್ಲಿದ್ದ ನೀರನ್ನು ಲಾಳಿಕೆಯೊಳಗೆ ಎರೆದಳು, ಲಿಂಗಕ್ಕೆ ಎರೆದ ಹಾಗೆ, ಸಣ್ಣ ಧಾರೆಯಾಗಿ. ಸೊಂಟದಿಂದ ಕುಂಕುಮದ ಚೀಟಿ ತೆಗೆದು ಡಬ್ಬಿಗೆ ಬೊಟ್ಟೂ ಇಟ್ಟಳು.

“ಏ ಹುಚ್ಚಿ, ಏನ್ ಮಾಡಾಕತ್ತೀಯಬೇ?”

“ಯಾಕ ಯಮ್ಮ? ಗುರ್ಜಿಗೆ ಎರದ್ವಿ, ಇದಕ್ಕೂ ಎರದೆ. ಇದೂ ಮಳಿ ದೇವರ ಅಲ್ಲೇನು? ದಿನಾ ಮುಂಜಾನೆ ಇದರ ಮುಂದ ನೀನ ಕೈ ಕಟ್ಟಿ ನಿಂದರ್ತಿ!”

ಅಂಗಳದ ತುಂಬ ನಗೆ. ಗುರ್ಜಿ ಹೊತ್ತವನು ನಕ್ಕು ನಕ್ಕು ಹಂಚು ಬೀಳಿಸುವುದರಲ್ಲಿದ್ದ. ನಾನು ಬೈದೆ. ಏನೇನು ಬೈದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ. ನೀರನ್ನು ಆಗಲೇ ಚೆಲ್ಲಿಬಿಡೋಣ ಎನ್ನಿಸಿತು, ಆದರೆ ಅಳೆಯದೆ ಚೆಲ್ಲಬಾರದು ಎಂದು ಆಣೆ. ಬೆಳಿಗ್ಗೆ ಅಳೆದು, ನಡೆದದ್ದನ್ನು ಹೇಳಿ, ಚೆಲ್ಲಿದರಾಯಿತು ಎಂದು ಬಿಟ್ಟೆ. ಕುಂಕುಮ ಮಾತ್ರ ಒರೆಸಿದೆ.

ಮರುದಿನ ಬೀಗ ತೆಗೆದು ಗ್ಲಾಸಿಗೆ ಸುರಿದೆ. ಹನ್ನೆರಡನೆಯ ಗೀಟಿಗೆ ಬಂತು. ಗ್ಲಾಸನ್ನು ಇನ್ನೂ ಕೆಳಗೆ ಇಟ್ಟಿರಲಿಲ್ಲ, ಫೋನು ಬಡಿದುಕೊಂಡಿತು. ದಿನಾ ನಾನು ಮಾಡುತ್ತಿದ್ದೆ. ಅಂದು ಅವಳೇ ಮಾಡಿದ್ದಳು.

“ಅಜ್ಜಿ! ನಿನ್ನೆ ನಿಮ್ಮಲ್ಲಿ ಮಳಿ ಬಂತಲ್ಲಾ! ಉಪಗ್ರಹ ತೋರಸಾಕತ್ತೈತಿ, ಊರ ಮ್ಯಾಲೆ, ಅದರ ಕೆಳಗಿನ ಪಟ್ಟೀನೂ ಹಿಡದು. ಡಬ್ಬಿಯೊಳಗ ಐತೇನು? ಎಷ್ಟೈತಿ?”

ನಾನು ಗ್ಲಾಸನ್ನು ನೋಡಿದೆ. ನೀರು ಇತ್ತು. ಹನ್ನೆರಡು ಗೀಟು ಎಂದರೆ ಸುಳ್ಳಲ್ಲ.

“ಅಜ್ಜಿ, ಕೇಳಸ್ತೈತೇನು? ನೀರು ಐತಂದ್ರ ಇವತ್ತ ಸರ್‌ಗೆ ಹೇಳ್ತೀನಿ. ನಾಳಿ ಮಾಸ್ತರು ಬಂದು ಡಬ್ಬಿ ಒಯ್ತಾರ. ನೀ ನಾಳಿ ಬಸ್ಸಿಗೆ ಕುಂದ್ರು.”

ನಾಳೆಯ ಬಸ್ಸು. ಲಿಂಗಸುಗೂರಿನಲ್ಲಿ ಇಳಿದು ಮುದಗಲ್ಲಿನ ಬಸ್ಸು ಹತ್ತುವುದು, ಕೋಟೆಯ ಅಗಸೆ ಬಾಗಿಲು ಕಾಣುತ್ತಲೇ ಸೀಟಿನಿಂದ ಏಳುವುದು, ಅಕ್ಕ ಬಾಗಿಲಲ್ಲಿ ಚರಿಗೆಯ ನೀರು ಹಿಡಿದು ನಿಂತು ತಡವಾಯಿತು ಎಂದು ಬೈಯುವುದು. ಇಷ್ಟೂ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬಂದು ಹೋಯಿತು. ಹನ್ನೆರಡು ಎಂದು ಒಂದು ಮಾತು ಹೇಳಿದರೆ ಮುಗಿಯಿತು.

ಅಷ್ಟರಲ್ಲಿ ಎದುರು ಮನೆಯಾಕೆ ಪೊರಕೆ ಹಿಡಿದು ಹೊರಗೆ ಬಂದಳು. ಗ್ಲಾಸಿನಲ್ಲಿ ನೀರು ಕಂಡಳು.

“ಯಮ್ಮಾ, ಬಂತಲ್ಲ ಮಳಿ! ನನ್ನ ತಂಬಗಿ ನೋಡು ಹೆಂಗೈತಿ!”

ಅದನ್ನು ಕೇಳಿ ನನ್ನ ಮೈ ಉರಿಯಿತು. ನಾನು ಹನ್ನೆರಡು ಎಂದರೆ ಇವಳ ತಂಬಿಗೆ ಆಕಾಶಕ್ಕೆ ಏರುತ್ತದೆ. ಉಪಗ್ರಹವೇ ಒಪ್ಪಿತು ಎಂದು ಇವಳು ಸಾಯುವವರೆಗೆ ಓಣಿಯಲ್ಲಿ ಹೇಳುತ್ತಾಳೆ. ಇಷ್ಟು ದಿನ ಬಿಸಿಲಿಗೆ ಬೆಂದು ನಾನು ಹೇಳಿದ ಸೊನ್ನೆಗಳೆಲ್ಲ ಸುಳ್ಳಾಗಿ, ಇವಳು ಎರೆದ ತಂಬಿಗೆ ನೀರೊಂದೇ ಮಳೆಯಾಗಿ ಉಳಿಯುತ್ತದೆ. ದೊಡ್ಡ ಧರ್ಮದ ವಿಚಾರವೇನೂ ಆಗ ನನ್ನ ತಲೆಯಲ್ಲಿ ಇರಲಿಲ್ಲ. ಇದೊಂದೇ ಇತ್ತು.

“ಮಳಿ ಇಲ್ಲ ಗಿಳಿ ಇಲ್ಲ,” ಎಂದೆ ಫೋನಿನಲ್ಲಿ. “ಇದು ಗುರ್ಜಿ ನೀರು. ಎದುರು ಮನಿಯಾಕಿ ನಿನ್ನ ಡಬ್ಬಿಗೆ ಅಭಿಷೇಕ ಮಾಡ್ಯಾಳ. ಮಳಿ ಸೊನ್ನಿ.”

ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟೆ.

“ಒಂದು ಹನೀನೂ ಬಿದ್ದಿಲ್ಲೇನು?”

“ನಾ ಅಂಗಳದಾಗ ಕುಂತೀನಿ. ಬಿದ್ರ ನನಗ ಗೊತ್ತಾಗಂಗಿಲ್ಲೇನು?”

“ಅಂದ್ರ ನಿನ್ನೆ ಹಾಕಿದ ನೀರು ಇವತ್ತಿನತನಕ ಡಬ್ಬಿಯೊಳಗ ಹಂಗ ಐತಿ.”

“ಐತಿ.”

“ಅಂದ್ರ ಡಬ್ಬಿ ಸೋರಂಗಿಲ್ಲ.” ಅವಳು ನಿಧಾನ ಮಾತಾಡತೊಡಗಿದಳು, ತನಗೆ ತಾನೇ ಹೇಳಿಕೊಂಡ ಹಾಗೆ. “ಅಂದ್ರ ನಿನ್ನ ಸೊನ್ನಿ ಎಲ್ಲಾ ಖರೇ ಸೊನ್ನಿ. ಅಜ್ಜಿ, ಕಾಲುವಿಗೆ ನೀರು ಯಾವಾಗ ಬಿಟ್ಟಾರ?”

“ಆರಿದ್ರಿ ಮಳಿ ಮುಗಿಯೋ ಹೊತ್ತಿಗೆ. ಈಗ ಎಲ್ಲಾ ಗದ್ದಿ ತುಂಬ್ಯಾವು. ನಿಮ್ಮಪ್ಪ ಕೆಸರಾಗ ಅದಾನ.”

“ಹೌದಲ್ಲ! ಉಪಗ್ರಹಕ್ಕೂ ಡಬ್ಬಿಗೂ ಜಗಳ ಸುರುವಾಗಿದ್ದೂ ಅವತ್ತಿಂದನ. ನೀರು ನಿಂತ ನೆ‌ಲ ಮ್ಯಾಲಿಂದ ತಣ್ಣಗ ಕಾಣತೈತಿ ಅಜ್ಜಿ. ಮೋಡದಾಗ ಮಳಿ ಇದ್ರ ಹೆಂಗ ಕಾಣತೈತೋ ಹಂಗ. ನಮಗ ಕಲಿಸ್ಯಾರ ಇದನ್ನ. ಆ ಹಸಿ ನೆಲದ ಲೆಕ್ಕಾನ ಮಳಿ ಲೆಕ್ಕದಾಗಿಂದ ಮೊದಲ ಕಳಿತಾರ, ಅದಕ್ಕ ಇಲ್ಲಿ ತಪ್ಪಂಗಿಲ್ಲ ಅಂತ ನಾವು ಡಬ್ಬಿ ಮ್ಯಾಲೆ ಅನುಮಾನ ಪಟ್ವಿ. ಇಲ್ಲಿ ಕಳದದ್ದು ಸಾಕಾಗಿಲ್ಲ. ಗದ್ದಿ ನೀರನ್ನ ಮಳಿ ಅನ್ನಾಕತ್ತೈತಿ!”

ಅವಳ ಸಂತೋಷ ನನಗೆ ಕೇಳಿಸುತ್ತಿತ್ತು. ಹಂಚಿನ ಮೇಲೆ ಅಂಗೈ ಹಿಡಿದವನಿಗೆ ಹಂಚಿನ ಮೇಲೆ ಯಾರೋ ನೀರು ಚೆಲ್ಲಿದ್ದು ಗೊತ್ತಾಗಲಿಲ್ಲ, ಅಷ್ಟು ನನಗೆ ತಿಳಿಯಿತು. ಒಟ್ಟಿನಲ್ಲಿ ಅಂದು ಮೇಲಿನವರೂ ಸುಳ್ಳು, ಕೆಳಗಿನ ಡಬ್ಬಿಯೂ ಸುಳ್ಳು, ಎರಡು ಸುಳ್ಳೂ ಬರೋಬ್ಬರಿ ಹೊಂದಿಕೊಂಡಿದ್ದವು.

“ಆತಲ್ಲ,” ಎಂದೆ. “ಡಬ್ಬಿ ನೆಟ್ಟಗೈತಿ ಅಂತ ಗೊತ್ತಾತು. ಮಾಸ್ತರನ್ನ ಕಳಿಸು.”

ಅವಳ ದನಿ ಸಣ್ಣದಾಯಿತು.

“ಅಜ್ಜಿ, ಈಗ ಒಯ್ಯಾಕ ಬರಂಗಿಲ್ಲ. ಗದ್ದಿ ತುಂಬಿ, ಮಳಿ ಇಲ್ಲದ ದಿನಾನ ನನಗ ಬೇಕು. ಭತ್ತ ಬೆಳದು ನೆಲ ಮುಚ್ಚಿದ್ರ ಹೋತು. ನನಗ ಬೇಕಾದವು ಇವ ದಿನ. ನೀ ಹೇಳೋ ಒಂದೊಂದು ಸೊನ್ನೀನೂ...”

“ಪಂಚಮಿ ಐತಿ.”

“ಗೊತ್ತೈತಿ.”

“ತೊಲಿ ಇಳಸ್ತಾರ.”

ಅವಳು ಅತ್ತಳು. ಪರೀಕ್ಷೆ ಬಿಟ್ಟು ಬರುತ್ತೇನೆ ಎಂದಳು. ಬರಬೇಡ ಎಂದು ಗದರಿಸಿದೆ. ಪರೀಕ್ಷೆ ಬಿಡಿಸಿ ಜೋಕಾಲಿ ಆಡುವ ಮುದುಕಿ ನಾನಲ್ಲ. ಹೋಗಿಬಿಡಜ್ಜಿ, ಹಬ್ಬದ ದಿನಗಳು ಬಿಟ್ಟುಹೋದರೆ ಹೋಗಲಿ ಎಂದೂ ಹೇಳಿದಳು. ಆ ದನಿ ಹೋಗು ಎನ್ನುವ ದನಿ ಆಗಿರಲಿಲ್ಲ. ಫೋನು ಇಟ್ಟು ಗ್ಲಾಸಿನ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದೆ.

ಸೊಸೆ ತವರಿಗೆ ಹೋಗುವ ದಿನ ಬಾಗಿಲಲ್ಲಿ ನಿಂತು ಹಿಂದೆ ಮುಂದೆ ನೋಡಿದಳು.

“ಅತ್ತಿ, ನಾ ಬೇಕಾದ್ರ ಉಳೀತೀನಿ. ಆ ಗೀಟು ಗೀಟಿನ ಗ್ಲಾಸು ತೋರಿಸಿಕೊಡ್ರಿ.”

“ನಿಮ್ಮವ್ವ ಬದುಕ್ಯಾಳ. ಹೋಗು. ಉಳದು ನನ್ನ ಋಣ ಹೊರಬ್ಯಾಡ.”

ಅವಳು ಹೋದಳು. ಪಂಚಮಿಯ ದಿನ ಓಣಿ ಖಾಲಿ. ಎದುರು ಮನೆಗೆ ಬೀಗ. ಬೈಯಲು ಕೂಡ ಯಾರೂ ಇಲ್ಲ. ಎಂಟೂವರೆಗೆ ಬೀಗ ತೆಗೆದೆ, ಬಾಟಲಿ ಬೋರಲು ಹಾಕಿದೆ, ಸೊನ್ನೆ ಎಂದೆ. ಅವಳು ಹೂಂ ಎಂದಳು. ಬಸ್ಸು ಊರ ಮುಂದೆ ಹಾರ್ನು ಹಾಕಿ ಹೋದದ್ದು ಅದಕ್ಕೂ ಮೊದಲೇ ಕೇಳಿಸಿತ್ತು. ಒಳಗೆ ಬಂದು ಉಂಡಿಯ ಡಬ್ಬಿ ತೆಗೆದೆ, ಒಂದು ತಿಂದೆ, ಮುಚ್ಚಿಟ್ಟೆ. ಮಧ್ಯಾಹ್ನ ಹಂಚು ಕಾದು ಮನೆಯೊಳಗೆ ಉಸಿರು ಕಟ್ಟಿತು. ಹೊರಸನ್ನು ಎಳೆದುಕೊಂಡು ಹೋಗಿ ಬೇವಿನ ಇನ್ನೊಂದು ಮಗ್ಗುಲಿಗೆ, ಗೋಡೆಗೆ ಹತ್ತಿ ಉಳಿದಿದ್ದ ತುಂಡು ನೆರಳಿನಲ್ಲಿ ಹಾಕಿದೆ. ಕಾಲು ಚಾಚಿದರೆ ಬಿಸಿಲಿಗೆ ಹೋಗುತ್ತಿತ್ತು. ಮಡಚಿಕೊಂಡು ಬಿದ್ದೆ.

ಇಳಿಹೊತ್ತಿಗೆ ಅಕ್ಕನ ಫೋನು.

“ಏನ್ ಮಾಡಾಕತ್ತೀಯಬೇ?”

“ಡಬ್ಬಿ ಕಾಯಾಕತ್ತೀನಿ.”

“ಇಲ್ಲಿ ಮಳಿ ಬರಾಕತ್ತೈತಿ. ಕೇಳು.”

ಅವಳು ಫೋನನ್ನು ಎತ್ತಿ ಹಿಡಿದಿರಬೇಕು. ಮೊದಲು ಗೊರಗೊರ ಎಂದಿತು, ಆಮೇಲೆ ಬಿಡಿಸಿ ಕೇಳಿಸಿತು. ಮಾಳಿಗೆಯ ನೀರು ಇಳಿಸುವ ದೋಣಿಯಿಂದ ಅಂಗಳದ ಹಾಸುಗಲ್ಲಿಗೆ ಧೋ ಎಂದು ಬೀಳುವ ನೀರು. ಅದರ ಒಳಗೆ ಇನ್ನೊಂದು ಸಪ್ಪಳ, ಟಪ್, ಟಪ್. ಪಡಸಾಲೆಯ ಮೂಲೆ ನಾವು ಸಣ್ಣವರಿದ್ದಾಗಿನಿಂದ ಸೋರುತ್ತದೆ. ಅವ್ವ ಅಲ್ಲಿ ಹಿತ್ತಾಳೆಯ ಗಂಗಾಳ ಇಡುತ್ತಿದ್ದಳು. ಆ ಸಪ್ಪಳಕ್ಕೆ ನಾವು ನಿದ್ದೆ ಮಾಡಿದವರು.

“ಗಂಗಾಳ ಇಟ್ಟೀಯೇನು?”

“ಇಟ್ಟೀನಿ. ನಾಳಿ ಕೆಡವೋ ಮನಿಗೆ ಗಂಗಾಳ ಯಾಕ ಅಂತ ಹುಡುಗರು ನಗ್ತಾರ. ಸೋರಿದ್ರ ಇಡಬೇಕಲ್ಲ.”

“ಎಷ್ಟು ತುಂಬೈತಿ?”

ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅಕ್ಕ ನಕ್ಕಳು.

“ನಿನ್ನ ಚಟ ಹೋಗಂಗಿಲ್ಲ ನೋಡು. ಜೋಕಾಲಿ ಕಟ್ಟೀನಿ, ಅದನ್ನ ಕೇಳಲಿಲ್ಲ, ಗಂಗಾಳ ಕೇಳ್ತಿ. ಬೆರಳು ಮುಳುಗುವಷ್ಟು ಐತಿ.”

ನಾವು ಫೋನು ಇಡಲಿಲ್ಲ. ಅವಳು ಜೋಕಾಲಿಯ ಮೇಲೆ ಕೂತಿದ್ದಳೇನೋ, ಹಗ್ಗ ತೊಲೆಗೆ ಉಜ್ಜುವ ಕಿರ್ ಕಿರ್ ಕೇಳಿಸುತ್ತಿತ್ತು. ಮಳೆ ನಿಲ್ಲುವವರೆಗೆ ಕೇಳಿದೆ.

ಸಂಜೆ ಮೊಮ್ಮಗಳು ಫೋನಿಗೆ ಒಂದು ಚಿತ್ರ ಕಳಿಸಿದಳು. ಒಡೆದ ಗಾಜಿನ ಹಿಂದೆ ಚೌಕಚೌಕದ ನಕಾಶೆ, ಅದರಲ್ಲಿ ಕೆಲವು ಹಸಿರು ಚೌಕ, ನಡುವೆ ಒಂದು ಹಳದಿ. ಚಿತ್ರದ ಹಿಂದೆಯೇ ಅವಳ ಫೋನು ಬಂತು.

“ಅಜ್ಜಿ, ಹಳದಿ ಐತಲ್ಲ, ಅದು ಮುದಗಲ್. ಇವತ್ತ ಕೂಗೋ ಉಪಗ್ರಹಾನೂ ಅದರ ಮ್ಯಾಲೆ ಹಾದೈತಿ. ಕೂಗೋದೂ ಮಳಿ ಅಂತೈತಿ, ಅಂಗೈ ಹಿಡಿಯೋದೂ ಮಳಿ ಅಂತೈತಿ.”

“ಇದರಾಗ ನಮ್ಮ ಮನಿ ಎಲ್ಲೈತಿ?”

“ಮನಿ ಕಾಣಂಗಿಲ್ಲ ಅಜ್ಜಿ. ಕೋಟೆ, ಊರು, ಹೊಲ, ಮಗ್ಗುಲಿನ ಹಳ್ಳಿ, ಎಲ್ಲಾ ಕೂಡಿ ಒಂದ ಚೌಕ.” ಆಮೇಲೆ ಹೇಳಿದಳು, “ಅಲ್ಲಿ ನಮ್ಮ ಡಬ್ಬಿ ಇಲ್ಲ. ಅದಕ್ಕ ಖರೇ ಇರಬೇಕು ಅಂತ ಹೇಳಬಹುದು ಅಷ್ಟ.”

“ಖರೇ ಐತಿ,” ಎಂದೆ. “ನಾ ಕೇಳೀನಿ.”

ಮರುದಿನ ಅಲ್ಲಿ ತೊಲೆ ಇಳಿಸಿದರು. ಇಲ್ಲಿ ಎಂಟೂವರೆಗೆ ಬೀಗ ತೆಗೆದೆ. ಸೊನ್ನೆ. ಹೇಳಿದೆ.